ಬುದ್ಧ ವಿಹಾರದ ಮುಂದಾಳತ್ವ ಬಿಟ್ಟುಕೊಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಾನು ಕಂಡ ಹೆಚ್ಚಿನ ಸಣ್ಣ ವಿಹಾರಗಳಲ್ಲಿ ಬೋರ್ಡಿನ ಮೇಲೆ ಸಮಿತಿ ಇರುತ್ತದೆ, ನಡೆಸುವವರು ಮಾತ್ರ ಒಬ್ಬರೇ. ಬೀಗದ ಕೈ ಅವರ ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. ಹುಣ್ಣಿಮೆಗೆ ವಂದನೆ ಹೇಳಿಸುವವರು ಅವರು. ಚೆಕ್ಕಿಗೆ ಸಹಿ ಅವರದು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬಂದರೆ ಶಾಮಿಯಾನದವನ ಹತ್ತಿರ ಚೌಕಾಸಿ ಮಾಡುವವರೂ ಅವರೇ. ರಾತ್ರಿ ಹನ್ನೊಂದಕ್ಕೆ ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುವುದೂ ಅವರಿಗೇ. ಭದ್ರಾವತಿ ಕಡೆ ಅಂಥದ್ದೊಂದು ವಿಹಾರವನ್ನು ವರ್ಷಗಟ್ಟಲೆ ನೋಡಿಕೊಂಡು, ಆಮೇಲೆ ಬಿಟ್ಟುಕೊಟ್ಟವನು ನಾನು. ಬಿಡಬೇಕು ಅಂತ ಯೋಚಿಸುತ್ತಿರುವ ಶಿವಮೊಗ್ಗ, ಸಾಗರದ ಕೆಲವರು "ಹೇಗೆ ಮಾಡಿದಿರಿ ಮೇಷ್ಟ್ರೇ, ಬರೆದು ಕೊಡಿ" ಅಂದರು. ಅದಕ್ಕೇ ಇದು.

ಮೊದಲೇ ಒಂದು ಮಾತು. ರಾಜೀನಾಮೆ ಕೊಡುವುದು ಅರ್ಧ ಗಂಟೆಯ ಕೆಲಸ. ಆದರೆ ಜನ ಎಲ್ಲದಕ್ಕೂ ನಿಮ್ಮನ್ನೇ ಕೇಳುತ್ತಾರಲ್ಲ, ಆ ರೂಢಿ ಬಿಡಿಸುವುದಕ್ಕೆ ಒಂದು ಮಳೆಗಾಲ ಪೂರ್ತಿ ಬೇಕು. ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಎರಡನೆಯದರ ಬಗ್ಗೆ.

ಹೆಜ್ಜೆ 1: ಏನನ್ನು ಬಿಡುತ್ತಿದ್ದೀರಿ ಅಂತ ನಿಮಗೆ ಗೊತ್ತಿರಲಿ

"ಇನ್ನು ಸಾಕು" ಅನ್ನುವುದರಲ್ಲಿ ಹಲವು ಬಗೆ ಇವೆ. ಬರೀ ಅಧ್ಯಕ್ಷ ಕುರ್ಚಿ ಬಿಡುತ್ತೀರಾ? ವಂದನೆ, ಮದುವೆ, ನಾಮಕರಣ, ಸಾವಿನ ಮನೆ ಎಲ್ಲವನ್ನೂ ಬಿಡುತ್ತೀರಾ? ಇಲ್ಲಾ ಮಗಳ ಮನೆಗೆ ಅಂತ ಬೆಂಗಳೂರಿಗೇ ಹೋಗುತ್ತಿದ್ದೀರಾ? ಮೂರಕ್ಕೂ ತಯಾರಿ ಬೇರೆ ಬೇರೆ. ಊರು ಬಿಡುವವರಿಗೆ ಒಂದು ಅನುಕೂಲ ಇದೆ, ದೂರವೇ ಅವರ ಕೆಲಸ ಮಾಡಿಕೊಡುತ್ತದೆ. ಅದೇ ಬೀದಿಯಲ್ಲಿ ಉಳಿಯುವವರಿಗೇ ಕಷ್ಟ ಜಾಸ್ತಿ.

ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಆರೋಗ್ಯ, ವಯಸ್ಸು, ಮನೆಯ ಜವಾಬ್ದಾರಿ, ದಣಿವು, ಯಾವುದೂ ನಾಚಿಕೆಯ ವಿಷಯ ಅಲ್ಲ. ಕಾರಣ ಒಂದು ಜಗಳವಾಗಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಸಿಟ್ಟಿನಲ್ಲಿ ಬಿಟ್ಟವರನ್ನು ಸಮಿತಿಯವರು ಮನೆಗೆ ಬಂದು ಸಮಾಧಾನ ಮಾಡಿ ವಾಪಸ್ ಕರೆದುಕೊಂಡು ಹೋಗುತ್ತಾರೆ. ಒಂದು ವರ್ಷ ಬಿಟ್ಟು ಮತ್ತೆ ಅದೇ ಕಥೆ.

ಮನೆಯವರಿಗೆ ಮೊದಲು ಹೇಳಿ. ಇಷ್ಟು ವರ್ಷ ಬಂದವರಿಗೆಲ್ಲ ಟೀ ಮಾಡಿಕೊಟ್ಟವರು, ನೀವಿಲ್ಲದಾಗ ಫೋನು ಎತ್ತಿದವರು ಅವರು. ಮುಂದೆ ಫೋನು ಎತ್ತಿ "ಈಗ ಅವರು ನೋಡಿಕೊಳ್ಳುತ್ತಿಲ್ಲ, ಕಾರ್ಯದರ್ಶಿಗಳಿಗೆ ಮಾಡಿ" ಅನ್ನಬೇಕಾದವರೂ ಅವರೇ.

ಹೆಜ್ಜೆ 2: ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆವರೆಗೆ ಬರೆದಿಡಿ

ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ವಿಹಾರದ ಸಂಬಂಧ ಬಂದ ಪ್ರತಿ ಫೋನು, ಪ್ರತಿ ಪ್ರಶ್ನೆ, ನೀವು ಮಾಡಿದ ಪ್ರತಿ ಕೆಲಸ ಅದರಲ್ಲಿ ಬರಲಿ. ದೊಡ್ಡ ಕೆಲಸಗಳು ಎಲ್ಲರಿಗೂ ಗೊತ್ತಿರುತ್ತವೆ, ಯಾರಾದರೂ ಎತ್ತಿಕೊಳ್ಳುತ್ತಾರೆ. ವಿಹಾರ ನಡೆಯುವುದು ಮಾತ್ರ ಸಣ್ಣವುಗಳ ಮೇಲೆ. ಆ ಪುಸ್ತಕ ಹೀಗಿರುತ್ತದೆ:

"ಬೋರ್‌ವೆಲ್ ಮೋಟರ್ ಸ್ಟಾರ್ಟರ್ ಮಳೆಗೆ ತೇವ ಹಿಡಿದಿದೆ, ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಬಿಟ್ಟು ಒತ್ತಬೇಕು."

"ಹಿಂದಿನ ಗೋಡೆಯ ಮೂಲೆಯಲ್ಲಿ ಹೆಂಚು ಸರಿದು ಸೋರುತ್ತದೆ. ಜೋರು ಮಳೆ ಬಂದರೆ ಬಾಬಾಸಾಹೇಬರ ಫೋಟೊ ಇಳಿಸಿ ಬೀರು ಮೇಲೆ ಇಡಬೇಕು."

"ಸರೋಜಕ್ಕನಿಗೆ ಮಂಡಿ ನೋವು. ಹುಣ್ಣಿಮೆಗೆ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಬಾಗಿಲ ಹತ್ತಿರ ಹಾಕಬೇಕು. ಹಾಕದಿದ್ದರೆ ಕೇಳುವುದಿಲ್ಲ, ಮುಂದಿನ ಸಲ ಬರುವುದಿಲ್ಲ."

"ಆಂಪ್ಲಿಫೈಯರಿನ ಎಡಗಡೆ ಗುಂಡಿ ಮುಟ್ಟಬಾರದು."

ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ಸರೋಜಕ್ಕನ ಕುರ್ಚಿಯಂಥ ವಿಷಯ ಯಾವ ಬೈಲಾದಲ್ಲೂ ಇರುವುದಿಲ್ಲ. ಇಂಥ ಸಾಲುಗಳು ನಿಮ್ಮ ತಲೆಯಲ್ಲಷ್ಟೇ ಇದ್ದರೆ, ನೀವು ಬಿಟ್ಟ ಮೂರೇ ತಿಂಗಳಿಗೆ "ಅವರಿದ್ದಾಗ ಹೀಗಿರಲಿಲ್ಲ" ಅನ್ನುವ ಮಾತು ಶುರುವಾಗುತ್ತದೆ. ಕೇಳಲು ಹಿತವಾದ ಮಾತೇ, ಆದರೆ ನಿಮ್ಮನ್ನು ವಾಪಸ್ ಎಳೆಯುವುದೂ ಇದೇ.

ತಿಂಗಳು ಮುಗಿದ ಮೇಲೆ ಒಂದೊಂದು ಸಾಲಿನ ಪಕ್ಕ ಒಂದು ಹೆಸರು ಬರೆಯಿರಿ. ಒಂದೇ ಹೆಸರು ತುಂಬ ಸಲ ಬಂದಿದ್ದರೆ, ಇನ್ನೊಬ್ಬ ನಿಮ್ಮನ್ನೇ ತಯಾರು ಮಾಡುತ್ತಿದ್ದೀರಿ ಅಂತ ಅರ್ಥ. ಅಳಿಸಿ ಮತ್ತೆ ಹಂಚಿ.

ಹೆಜ್ಜೆ 3: ಉತ್ತರಾಧಿಕಾರಿಯನ್ನು ಹುಡುಕಬೇಡಿ

ನಮ್ಮ ಕಡೆ ಮಠಗಳು ಜಾಸ್ತಿ. ದೊಡ್ಡ ಸ್ವಾಮಿಗಳಿಗೆ ವಯಸ್ಸಾಗುತ್ತಿದ್ದ ಹಾಗೆ ಮರಿಸ್ವಾಮಿ ಯಾರು ಅಂತ ಜನ ಕೇಳುತ್ತಾರೆ. ದೇವಸ್ಥಾನವಾದರೆ ಮೊಕ್ತೇಸರರ ಮಗ ಮೊಕ್ತೇಸರ. ಈ ಅಭ್ಯಾಸ ವಿಹಾರಕ್ಕೂ ಬಂದಿದೆ. ನೀವು ಬಿಡುತ್ತೀರಿ ಅಂತ ಸುದ್ದಿಯಾದ ವಾರದಲ್ಲೇ ಒಬ್ಬರಲ್ಲ ಒಬ್ಬರು "ನಿಮ್ಮ ಮಗನಿಗೇ ಕೊಟ್ಟುಬಿಡಿ ಅಣ್ಣ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಒಪ್ಪಬೇಡಿ.

ಬುದ್ಧ ಏನು ಮಾಡಿದ ನೋಡಿ. ಭಿಕ್ಕುಗಳ (ಬೌದ್ಧ ಸನ್ಯಾಸಿಗಳ) ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ದೇವದತ್ತ ಅನ್ನುವ ಭಿಕ್ಕುವಿನ ಪ್ರಸಂಗ ಬರುತ್ತದೆ. ಭಗವಾನರಿಗೆ ವಯಸ್ಸಾಯಿತು, ಇನ್ನು ಆರಾಮಾಗಿರಲಿ, ಭಿಕ್ಕುಗಳ ಸಂಘವನ್ನು ನನಗೆ ಒಪ್ಪಿಸಲಿ ಅಂತ ಅವನು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಹಿರಿಯ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರಂಥವರಿಗೇ ಒಪ್ಪಿಸುವುದಿಲ್ಲ, ಇನ್ನು ನಿನಗೆ ಒಪ್ಪಿಸುತ್ತೇನೆಯೇ ಅನ್ನುತ್ತಾನೆ ಬುದ್ಧ. ಬೈದದ್ದನ್ನಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಅತಿ ಯೋಗ್ಯರಾದ ಆ ಇಬ್ಬರಿಗೂ ಕೊಡುವುದಿಲ್ಲ ಅಂದಿದ್ದು ನನಗೆ ಅದಕ್ಕಿಂತ ಮುಖ್ಯ. ಕೊನೆಗಾಲದಲ್ಲೂ ಆತ ಯಾರನ್ನೂ ನೇಮಿಸಲಿಲ್ಲ. ನಾನು ಹೋದ ಮೇಲೆ ಧಮ್ಮ ಮತ್ತು ವಿನಯವೇ ನಿಮಗೆ ಗುರು ಅಂತ ಶಿಷ್ಯ ಆನಂದನಿಗೆ ಹೇಳಿದ.

ಇದಕ್ಕೊಂದು ಮುಂದಿನ ಭಾಗ ಪಾಲಿ ಸುತ್ತಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಗೋಪಕ ಮೊಗ್ಗಲ್ಲಾನ ಸುತ್ತದಲ್ಲಿದೆ. ಬುದ್ಧನ ಪರಿನಿಬ್ಬಾಣದ ನಂತರ ಮಗಧದ ಮಂತ್ರಿ ವಸ್ಸಕಾರ ಆನಂದನನ್ನು ಕೇಳುತ್ತಾನೆ: ನಿಮಗೆ ಆಸರೆ ಅಂತ ಬುದ್ಧ ಯಾರನ್ನಾದರೂ ನೇಮಿಸಿದ್ದಾನೆಯೇ? ಇಲ್ಲ. ನೀವೇ ಸೇರಿ ಯಾರನ್ನಾದರೂ ಆರಿಸಿಕೊಂಡಿದ್ದೀರಾ? ಅದೂ ಇಲ್ಲ. ಮತ್ತೆ ಒಗ್ಗಟ್ಟು ಹೇಗೆ ಉಳಿದಿದೆ? ಧಮ್ಮವೇ ನಮಗೆ ಆಸರೆ ಅನ್ನುತ್ತಾನೆ ಆನಂದ. ಉಪೋಸಥದ ದಿನ, ಅಂದರೆ ಹುಣ್ಣಿಮೆ ಅಮಾವಾಸ್ಯೆಗಳಂದು, ಆಸುಪಾಸಿನ ಭಿಕ್ಕುಗಳೆಲ್ಲ ಒಂದೆಡೆ ಸೇರುತ್ತೇವೆ, ಗೊತ್ತಿರುವವನು ಪಾತಿಮೊಕ್ಖ ಅನ್ನುವ ನಿಯಮಪಾಠ ಹೇಳುತ್ತಾನೆ, ತಪ್ಪಿದ್ದರೆ ನಿಯಮದಂತೆ ಸರಿಮಾಡಿಕೊಳ್ಳುತ್ತೇವೆ. ಅಂದರೆ ಅವರನ್ನು ಹಿಡಿದಿಟ್ಟಿದ್ದು ತಪ್ಪದೆ ಸೇರುವ ಅಭ್ಯಾಸ.

ಹಾಗಾಗಿ ನಿಮ್ಮ ಕೆಲಸ ಯೋಗ್ಯ ವ್ಯಕ್ತಿಯನ್ನು ಹುಡುಕುವುದಲ್ಲ, ಸಭೆಯನ್ನು ಗಟ್ಟಿ ಮಾಡುವುದು. ತಿಂಗಳಿಗೊಂದು ದಿನ, ಒಂದೇ ಹೊತ್ತು, ಯಾರು ಬರಲಿ ಬಿಡಲಿ ಸಭೆ ನಡೆಯಬೇಕು. ನಿರ್ಣಯ ಪುಸ್ತಕದಲ್ಲಿ ಅವತ್ತೇ ಬರೆದು ಅವತ್ತೇ ಸಹಿ ಹಾಕಿಸಬೇಕು. ನಡುವೆ ಯಾರಾದರೂ ಫೋನು ಮಾಡಿ ಏನನ್ನಾದರೂ ಕೇಳಿದರೆ "ಸಭೆಯಲ್ಲಿ ಇಡಿ" ಅನ್ನಿ. ನಿಮಗೆ ಉತ್ತರ ಗೊತ್ತಿದ್ದರೂ ಅದನ್ನೇ ಅನ್ನಿ. ಇದಕ್ಕೆ ಹಲ್ಲು ಕಚ್ಚಿ ಹಿಡಿಯುವ ತಾಳ್ಮೆ ಬೇಕು.

ಅಧ್ಯಕ್ಷರು ಅಂತ ಕಾಗದಕ್ಕೆ ಒಬ್ಬರು ಬೇಕೇ ಬೇಕು. ಅವರಿಗೆ ಅವಧಿ ನಿಗದಿ ಮಾಡಿ, ಬೈಲಾದಲ್ಲಿ ಇಲ್ಲದಿದ್ದರೆ ಸೇರಿಸಿ. ಇದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಸಾಗರ, ಶಿರಸಿ ದಾಟಿದರೆ ಮುಂಡಗೋಡು. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಗಾಂಡೆನ್ ಮಠ ಇದೆ. ಟಿಬೆಟನ್ ಬೌದ್ಧರ ಗೆಲುಗ್ ಪಂಥದ ಮುಖ್ಯಸ್ಥರಾದ ಗಾಂಡೆನ್ ಟ್ರಿಪಾ ಅವರ ಅವಧಿ 7 ವರ್ಷ. ಆ ಪೀಠ ಪುನರ್ಜನ್ಮದಿಂದ ಬರುವುದಲ್ಲ, ಓದು ಮತ್ತು ಹಿರಿತನದಿಂದ ಬರುತ್ತದೆ. ಅವಧಿ ಮುಗಿದರೆ ಇನ್ನೊಬ್ಬರು. ಅಷ್ಟು ದೊಡ್ಡ ಪರಂಪರೆಯೇ ಲೆಕ್ಕ ಇಟ್ಟು ಬಿಡುತ್ತದೆ, ನಮ್ಮ ಬಡಾವಣೆಯ ವಿಹಾರಕ್ಕೆ ಮೂರು ವರ್ಷ ಧಾರಾಳ ಆಯಿತು.

ಹೆಜ್ಜೆ 4: ಕಾಲ ಗೊತ್ತು ಮಾಡಿ

ಏಪ್ರಿಲ್ 14, ಬುದ್ಧ ಪೂರ್ಣಿಮೆಗಳ ಆಸುಪಾಸಿನಲ್ಲಿ ಈ ಮಾತು ಎತ್ತಲೇಬೇಡಿ. ಎಲ್ಲರೂ ಓಡಾಟದಲ್ಲಿರುತ್ತಾರೆ, ಕಾರ್ಯಕ್ರಮ ಮುಗಿಯಲಿ ಅಂತ ಮುಂದೂಡುತ್ತಾರೆ.

ಮಲೆನಾಡಿನವರಿಗೆ ಒಂದು ಒಳ್ಳೆಯ ಕಾಲ ತಾನಾಗೇ ಸಿಗುತ್ತದೆ, ವರ್ಷಾವಾಸ. ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆವರೆಗೆ ಮೂರು ತಿಂಗಳು ಭಿಕ್ಕುಗಳು ಸುತ್ತಾಟ ಬಿಟ್ಟು ಒಂದೇ ಕಡೆ ಇರುವ ಕಾಲ ಅದು. ನಮ್ಮಲ್ಲೂ ಆಗ ಮಳೆ, ಹೊರಗಿನ ಕಾರ್ಯಕ್ರಮ ಕಡಿಮೆ, ಜನ ಸಂಜೆ ಮನೆಯಲ್ಲಿ ಸಿಗುತ್ತಾರೆ. ಆಷಾಢ ಹುಣ್ಣಿಮೆಗೆ ತಿಳಿಸಿ. ಮೂರು ತಿಂಗಳು ಒಂದೊಂದೇ ಕೆಲಸ ಹಸ್ತಾಂತರ ಮಾಡಿ. ಆಶ್ವಯುಜ ಹುಣ್ಣಿಮೆಗೆ ಬಿಡಿ. ಸೋರುವ ಮೂಲೆ, ತೇವ ಹಿಡಿಯುವ ಸ್ಟಾರ್ಟರು, ಬೂಷ್ಟು ಬರುವ ಚಾಪೆ, ಎಲ್ಲದರ ಪಾಠವೂ ಈ ಮೂರು ತಿಂಗಳಲ್ಲಿ ಹೊಸಬರಿಗೆ ಆಗಿಬಿಡುತ್ತದೆ.

ಒಂದು ಎಚ್ಚರಿಕೆ. ಆಶ್ವಯುಜ ಹುಣ್ಣಿಮೆ ಅಂದರೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಹಳ್ಳಿಯ ಸದಸ್ಯರು ಬೆಳಕು ಹರಿಯುವ ಹೊತ್ತಿಗೆ ಗದ್ದೆಯಲ್ಲಿರುತ್ತಾರೆ, ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದರೆ ಯಾರೂ ಬರುವುದಿಲ್ಲ. ಸಂಜೆ ಇಟ್ಟುಕೊಳ್ಳಿ. ಅದು ತಪ್ಪಿತೋ, ಅಡಿಕೆ ಕೊಯ್ಲು, ಭತ್ತದ ಕೊಯ್ಲು ಶುರು. ಸಂಕ್ರಾಂತಿ ಆಗುವವರೆಗೆ ಕೋರಂ ಸಿಗುವುದು ಕಷ್ಟ.

ಹೆಜ್ಜೆ 5: ವಂದನೆ, ಸಂಸ್ಕಾರಗಳನ್ನು ಕಲಿಸಿ

ಹಣಕಾಸಿಗಿಂತ ಇದಕ್ಕೆ ಸಮಯ ಬೇಕು. ತಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೇಳುವುದು), ಪಂಚಶೀಲ ಎಲ್ಲರಿಗೂ ಬರುತ್ತದೆ. ಬುದ್ಧ, ಧಮ್ಮ, ಸಂಘ ವಂದನೆಗಳು ಅರ್ಧ ಜನಕ್ಕೆ ಬರುತ್ತವೆ. ಪಾಲಿ ಪಾಠಗಳಾದ ಮಂಗಲ ಸುತ್ತ, ಕರಣೀಯ ಮೆತ್ತ ಸುತ್ತಕ್ಕೆ ಬಂದರೆ ಸ್ವರ ಇಳಿಯುತ್ತದೆ, ಎಲ್ಲರೂ ನಿಮ್ಮ ಬಾಯಿ ನೋಡುತ್ತಾರೆ.

ಒಂದು ಉಪಾಯ ಇದೆ. ಆಷಾಢ ಹುಣ್ಣಿಮೆಯಿಂದ ಹೇಳಿಸುವವರ ಜಾಗದಲ್ಲಿ ನೀವು ಕೂರಬೇಡಿ. ಪ್ರತಿ ಹುಣ್ಣಿಮೆಗೆ ಬೇರೆ ಬೇರೆಯವರು ಕೂರಲಿ, ನೀವು ಮೂರನೇ ಸಾಲಿನಲ್ಲಿ ಕೂತು ಹಿಮ್ಮೇಳ ಹೇಳಿ. ಅವರು ಒಂದು ಸಾಲು ಬಿಟ್ಟರೆ ಬಿಡಲಿ. ಅಲ್ಲಿಂದ ಕೂಗಿ ತಿದ್ದಬೇಡಿ. ಆಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳಿದರೆ ಸಾಕು.

ಇನ್ನೊಂದು ವಿಷಯ. ಬಾಯಿಪಾಠ ಚೆನ್ನಾಗಿರುವವರು ಹೆಚ್ಚಾಗಿ ಹೆಂಗಸರು. ದಿನಾ ಸಂಜೆ ಮನೆಯಲ್ಲಿ ದೀಪ ಹಚ್ಚಿ ಹೇಳುವವರು ಅವರು. ಆದರೂ ಮದುವೆ ಮಾಡಿಸಲು, ಸಾವಿನ ಮನೆಗೆ ಹೋಗಲು ಗಂಡಸರನ್ನೇ ಹುಡುಕುತ್ತೇವೆ. ನಮ್ಮಲ್ಲಿ ಒಬ್ಬರನ್ನು ಕೇಳಿದಾಗ ನಡೆದ ಮಾತು ಹೀಗಿತ್ತು.

"ಅಕ್ಕಾ, ಮುಂದಿನ ಮದುವೆ ನೀವು ಮಾಡಿಸಿ."

"ನಾನಾ? ಜನ ಏನಂತಾರೆ ಮೇಷ್ಟ್ರೇ?"

"ನಿಮಗೆ ಪೂರ್ತಿ ಬರುತ್ತೆ ತಾನೇ?"

"ಬರುತ್ತೆ. ನೀವು ನಡುವೆ ಎರಡು ಗಾಥೆ ಬಿಡ್ತೀರಿ, ಅದೂ ಬರುತ್ತೆ."

ಈಗ ಮದುವೆಗಳಿಗೆ ಹೋಗುವವರು ಅವರೇ.

ಸಾವಿನ ಮನೆ ಎಲ್ಲಕ್ಕಿಂತ ಕಷ್ಟ. ಅಲ್ಲಿ ಪಾಠಕ್ಕಿಂತ ಧೈರ್ಯ ಬೇಕು. ಯಾರೋ ಎದೆ ಬಡಿದುಕೊಳ್ಳುತ್ತಿರುತ್ತಾರೆ, ನೆಂಟರಲ್ಲಿ ಒಬ್ಬರು ಹಳೇ ಪದ್ಧತಿಯಂತೆ ಆಗಬೇಕು ಅಂತ ಹಟ ಹಿಡಿದಿರುತ್ತಾರೆ, ಮಳೆಗೆ ಸೌದೆ ಹಸಿಯಾಗಿರುತ್ತದೆ. ಇದನ್ನು ವಿಹಾರದ ಒಳಗೆ ಕೂತು ಕಲಿಸಲು ಆಗುವುದಿಲ್ಲ. ಇನ್ನು ಮುಂದೆ ಯಾರ ಮನೆಗೆ ಹೋದರೂ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಸಲ ಅವರು ನೋಡಲಿ, ಎರಡನೇ ಸಲ ಅವರು ಹೇಳಲಿ, ನೀವು ಸುಮ್ನೆ ನಿಂತಿರಿ. ಮೂರನೇ ಸಲ ನೀವು ಹೋಗಬೇಡಿ. ಎರಡು ಮೂರು ಜನರ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಸಿ ವಿಹಾರದ ಬಾಗಿಲಿಗೆ ಅಂಟಿಸಿ. ನಿಮ್ಮ ನಂಬರು ಅದರಲ್ಲಿ ಇರಬಾರದು.

ಹೆಜ್ಜೆ 6: ಕಾಗದ, ಹಣ, ಬೀಗ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರ ಇತ್ತು. ಬೌದ್ಧ ದೇವತೆ ತಾರಾ ಭಗವತಿಯ ಪೂಜೆ ಇತ್ತು. ಅದು ನಮಗೆ ಗೊತ್ತಾಗಿದ್ದೇ ದತ್ತಿ ಯಾವುದಕ್ಕೆ ಬಿಟ್ಟದ್ದು ಅಂತ ಕಲ್ಲಿನಲ್ಲಿ ಬರೆಸಿದ್ದರಿಂದ. ನಮ್ಮ ವಿಹಾರಗಳ ಕಥೆ ನೋಡಿ: ಜಾಗದ ಖಾತೆ ಯಾರದೋ ಹೆಸರಲ್ಲಿ, ಗ್ಯಾಸ್ ಇನ್ನೊಬ್ಬರ ಹೆಸರಲ್ಲಿ, ದಾನದ ಡಬ್ಬಿ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ಅಧ್ಯಕ್ಷರ ಸ್ವಂತ ಖಾತೆಯದು! ಒಂದು ರೂಪಾಯಿ ಆಚೀಚೆ ಮಾಡದವರೂ ಇದರಿಂದ ಮುಂದೆ ಮಾತು ಕೇಳಬೇಕಾಗುತ್ತದೆ. ಮೊದಲು ಆ ಕೋಡ್ ಕಿತ್ತುಹಾಕಿ. ವಿಹಾರ ನಡೆಸುವ ನೋಂದಾಯಿತ ಸಂಘದ ಖಾತೆಯದನ್ನು ಬ್ಯಾಂಕಿನಿಂದ ಮಾಡಿಸಿ ಅಂಟಿಸಿ.

ಆಮೇಲೆ ಈ ಕ್ರಮದಲ್ಲಿ ಹೋಗಿ.

ಲೆಕ್ಕ ಮೊದಲು. ನಿಮ್ಮ ಅವಧಿಯ ಲೆಕ್ಕಪತ್ರ ಆಡಿಟ್ ಆಗಲಿ. ನಿಮ್ಮ ಕೈಯಿಂದ ಹಾಕಿದ ದುಡ್ಡು ವಾಪಸ್ ಬರಬೇಕಿದ್ದರೆ ಅದನ್ನು ಸಾಲ ಅಂತ ಬರೆಯಿಸಿ. ಬೇಡವಾದರೆ ದಾನ ಅಂತ ರಸೀದಿ ಹರಿಸಿ. ಎರಡೂ ಅಲ್ಲದೆ "ಇರಲಿ ಬಿಡಿ" ಅಂತ ಬಿಟ್ಟರೆ ಅದು ಇಬ್ಬರ ಮನಸ್ಸಲ್ಲೂ ಉಳಿಯುತ್ತದೆ.

ನಂತರ ಮಹಾಸಭೆಯಲ್ಲಿ ಹೊಸ ಪದಾಧಿಕಾರಿಗಳ ಆಯ್ಕೆ, ನಿರ್ಣಯ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘವಾದರೆ, ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಆಡಿಟ್ ವರದಿ ಜೊತೆ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯೇ ಅದು. ಹಿಂದಿನ ವರ್ಷಗಳ ಪಟ್ಟಿ ಬಾಕಿ ಇದ್ದರೆ ಹೊಸಬರ ತಲೆಗೆ ಕಟ್ಟಬೇಡಿ. ನೀವಿರುವಾಗಲೇ ದಂಡ ಕಟ್ಟಿ ಮುಗಿಸಿ. ಟ್ರಸ್ಟ್ ಆಗಿದ್ದರೆ ಬೇರೆ ದಾರಿ, ಟ್ರಸ್ಟ್ ಡೀಡಿನಲ್ಲಿ ಟ್ರಸ್ಟಿ ಬದಲಾವಣೆಗೆ ಏನು ಬರೆದಿದೆಯೋ ಹಾಗೇ ನಡೆಯಬೇಕು. ಅದನ್ನೊಮ್ಮೆ ವಕೀಲರಿಗೆ ತೋರಿಸುವುದು ಒಳ್ಳೆಯದು.

ಬ್ಯಾಂಕಿಗೆ ನಿರ್ಣಯದ ನಕಲು, ಹೊಸ ಸಹಿದಾರರ ಕೆವೈಸಿ, ಫೋಟೊ ಬೇಕು. ಹಳಬರು ಹೊಸಬರು ಒಟ್ಟಿಗೇ ಹೋಗಿ. ಮೂವರಲ್ಲಿ ಇಬ್ಬರ ಸಹಿ ಅಂತ ಮಾಡಿಸಿ. ಎಫ್‌ಡಿ ಇದ್ದರೆ ಅದರ ಸಹಿಯೂ ಬೇರೆಯಾಗಿ ಬದಲಾಗಬೇಕು, ಜನ ಮರೆಯುವುದು ಇದನ್ನೇ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಬದಲಿಸಿ. ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲೂ ನಿಮ್ಮ ಹೆಸರು, ನಂಬರು ಇರುತ್ತದೆ, ಆಡಿಟರಿಗೆ ಹೇಳಿ ತೆಗೆಸಿ. ಮೆಸ್ಕಾಂ ಬಿಲ್ಲು, ಪಾಲಿಕೆಯ ನೀರು, ಇ-ಖಾತಾ ಯಾರ ಹೆಸರಲ್ಲಿವೆ ನೋಡಿ. ವ್ಯಕ್ತಿಯ ಹೆಸರಲ್ಲಿದ್ದರೆ ಸಂಘದ ಹೆಸರಿಗೆ ಮಾಡಿಸಲು ಈಗಲೇ ಅರ್ಜಿ ಹಾಕಿ. ಜಾಗವೇ ನಿಮ್ಮ ಹೆಸರಲ್ಲಿದ್ದರೆ, ಅದು ನೋಂದಾಯಿತ ಪತ್ರದ ಮೂಲಕ ಸಂಘಕ್ಕೆ ಬರುವವರೆಗೆ ನೀವು ಏನನ್ನೂ ಬಿಟ್ಟ ಹಾಗಾಗಲಿಲ್ಲ. ನಾಳೆ ನಿಮ್ಮ ಮಕ್ಕಳಿಗೂ ವಿಹಾರಕ್ಕೂ ಕೋರ್ಟು ಕಚೇರಿ ಆಗಬಾರದಲ್ವಾ?

ಇನ್ನು ಲೆಟರ್‌ಹೆಡ್ಡು, ಸೀಲು. ನಮ್ಮಲ್ಲಿ ಇದಕ್ಕೆ ಬೇರೆಯೇ ತೂಕ ಇದೆ. 1990ರ ತಿದ್ದುಪಡಿಯ ನಂತರ ಬೌದ್ಧರಾದ ಪರಿಶಿಷ್ಟರಿಗೂ ಪರಿಶಿಷ್ಟ ಜಾತಿಯ ಸೌಲಭ್ಯ ಮುಂದುವರಿದಿದೆ. ಹಾಗಾಗಿ ಇವರು ನಮ್ಮ ವಿಹಾರಕ್ಕೆ ಬರುವವರು, ದೀಕ್ಷೆ ತೆಗೆದುಕೊಂಡವರು ಅಂತ ಪತ್ರ ಕೇಳಿ ಜನ ಬರುತ್ತಾರೆ. ಮದುವೆ ಪತ್ರಕ್ಕೂ ಬರುತ್ತಾರೆ. ಬಿಟ್ಟ ದಿನದಿಂದ ಒಂದಕ್ಕೂ ಸಹಿ ಹಾಕಬೇಡಿ. ಅರ್ಜೆಂಟಿಗೆ ಇರಲಿ ಅಂತ ಮೊದಲೇ ಸಹಿ ಹಾಕಿಟ್ಟ ಖಾಲಿ ಲೆಟರ್‌ಹೆಡ್ ಬೀರುವಿನಲ್ಲಿದ್ದರೆ ಎಲ್ಲರ ಎದುರೇ ಹರಿದುಹಾಕಿ. ಇಷ್ಟು ವರ್ಷ ಕೊಟ್ಟ ಪತ್ರಗಳ ರಿಜಿಸ್ಟರ್ ಒಪ್ಪಿಸಿ.

ಬೀಗದ ಕೈ: ಎಲ್ಲ ಕೊಡಿ. "ಒಂದು ನನ್ನ ಹತ್ತಿರ ಇರಲಿ, ಅವಸರಕ್ಕೆ" ಬೇಡ.

ಹೆಜ್ಜೆ 7: ತಿಳಿಸುವುದು

ಮೊದಲು ಸಮಿತಿಗೆ, ಆಮೇಲೆ ಹಿರಿಯರ ಮನೆಗಳಿಗೆ ಖುದ್ದಾಗಿ ಹೋಗಿ, ಆಮೇಲೆ ಸಭೆಗೆ, ಕೊನೆಗೆ ವಾಟ್ಸ್ಆ್ಯಪ್ ಗ್ರೂಪಿಗೆ. ಇದು ಉಲ್ಟಾ ಆದರೆ ಹಿರಿಯರು ಮುನಿಸಿಕೊಳ್ಳುತ್ತಾರೆ, ಅದು ನ್ಯಾಯವೂ ಹೌದು.

ಭಾಷಣ ಬೇಡ. ತ್ಯಾಗ, ಸೇವೆ, ಕಣ್ಣೀರು ಬೇಡ. ಪತ್ರ ಹೀಗಿದ್ದರೆ ಸಾಕು:

"ಕಾರ್ಯದರ್ಶಿಗಳಿಗೆ, ನಮೋ ಬುದ್ಧಾಯ. ಬರುವ ಆಶ್ವಯುಜ ಹುಣ್ಣಿಮೆಯ ದಿನದಿಂದ ಅಧ್ಯಕ್ಷ ಸ್ಥಾನಕ್ಕೂ ಬ್ಯಾಂಕ್ ಖಾತೆಯ ಸಹಿದಾರನ ಹೊಣೆಗೂ ರಾಜೀನಾಮೆ ಕೊಡುತ್ತಿದ್ದೇನೆ. ಕಾರಣ ಆರೋಗ್ಯ. ಅಲ್ಲಿಯವರೆಗೆ ಕೆಲಸಗಳನ್ನು ಹಸ್ತಾಂತರ ಮಾಡುತ್ತೇನೆ, ಅದರ ಪಟ್ಟಿ ಜೊತೆಗಿದೆ. ನಂತರ ಸಾಮಾನ್ಯ ಸದಸ್ಯನಾಗಿ ಇರುತ್ತೇನೆ. ಯಾವುದೇ ಗೌರವ ಹುದ್ದೆ ಬೇಡವೆಂದು ವಿನಂತಿ."

ಕೊನೆಯ ಸಾಲು ಬಿಡಬೇಡಿ. ಗೌರವಾಧ್ಯಕ್ಷ ಅಂತ ಮಾಡುವುದು ನಮ್ಮ ಜನರ ಪ್ರೀತಿಯ ರೀತಿ. ಆದರೆ ಗೌರವಾಧ್ಯಕ್ಷರು ಇರುವ ಕಡೆ ಅಧ್ಯಕ್ಷರು ಪ್ರತಿ ವಿಷಯಕ್ಕೂ ಅವರ ಮುಖ ನೋಡುತ್ತಾರೆ.

ಭಂತೇಜಿಗಳಾಗಿದ್ದರೆ

ವಿಹಾರ ನಡೆಸುತ್ತಿರುವವರು ಭಿಕ್ಕುಗಳಾಗಿದ್ದರೆ ಲೆಕ್ಕ ಸ್ವಲ್ಪ ಬೇರೆ. ಬುದ್ಧನ ಕಾಲದ ಶ್ರೀಮಂತ ವ್ಯಾಪಾರಿ ಅನಾಥಪಿಂಡಿಕ ಜೇತವನ ವಿಹಾರವನ್ನು ಕೊಟ್ಟಿದ್ದು ಬಂದಿರುವ ಮತ್ತು ಇನ್ನೂ ಬರಲಿರುವ ನಾಲ್ಕು ದಿಕ್ಕಿನ ಭಿಕ್ಕು ಸಂಘಕ್ಕೆ. ಭಿಕ್ಕು ಸಂಘಕ್ಕೆ ಕೊಟ್ಟ ವಿಹಾರ ಯಾವ ಒಬ್ಬ ಭಿಕ್ಕುವಿನದೂ ಅಲ್ಲ, ಶಿಷ್ಯನಿಗೆ ಬರೆದುಕೊಡುವ ಹಾಗಿಲ್ಲ. ಭಂತೇಜಿಗಳು ತಮ್ಮ ಹಿರಿಯ ಥೇರರ ಜೊತೆ ಮಾತಾಡಿ ಭಿಕ್ಕು ಸಂಘದಿಂದ ಇನ್ನೊಬ್ಬರನ್ನು ಕಳಿಸಿಕೊಡಲು ಕೇಳಬೇಕು. ಹಣ, ಕಟ್ಟಡ ನೋಡಿಕೊಳ್ಳಲು ಉಪಾಸಕರ (ಗೃಹಸ್ಥ ಬೌದ್ಧರ) ಸಮಿತಿ ಬೇರೆ ಇರಬೇಕು. ಬಿಟ್ಟ ಮೇಲೆ ಅವರ ಊಟ, ಔಷಧಿ, ಇರುವ ಜಾಗಕ್ಕೆ ಏನು ಅಂತ ಸಮಿತಿ ಮೊದಲೇ ನಿರ್ಣಯ ಮಾಡಬೇಕು. ಪೆನ್ಷನ್ ಇಲ್ಲದವರು ಅವರು. ಇದನ್ನು ಅವರಾಗಿ ಕೇಳುವುದಿಲ್ಲ.

ಹೆಜ್ಜೆ 8: ಬಿಡುವ ದಿನ

ವರ್ಷಾವಾಸದ ಕೊನೆಗೆ ಭಿಕ್ಕುಗಳು ಪವಾರಣೆ ಮಾಡುತ್ತಾರೆ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಟ್ಟು ಹೇಳಿ ಅಂತ ಹಿರಿಯರಿಂದ ಹಿಡಿದು ಕಿರಿಯರವರೆಗೆ ಪ್ರತಿಯೊಬ್ಬರೂ ಸಂಘವನ್ನು ಕೇಳಿಕೊಳ್ಳುತ್ತಾರೆ. ಇದು ಭಿಕ್ಕುಗಳ ವಿಧಿ, ಅದನ್ನು ನಾವು ಹಾಗೇ ನಕಲು ಮಾಡುವುದಲ್ಲ. ಆದರೆ ಸನ್ಮಾನ, ಶಾಲು, ಹಾರದ ಬದಲು ಇದರಿಂದ ಒಂದನ್ನು ತೆಗೆದುಕೊಳ್ಳಬಹುದು. ವಂದನೆ ಆದ ಮೇಲೆ ಎದ್ದು ನಿಂತು ಕೇಳಿ: ನನ್ನ ಕಾಲದಲ್ಲಿ ಏನಾದರೂ ಸರಿ ಇಲ್ಲ ಅನ್ನಿಸಿದ್ದರೆ ಹೇಳಿ.

ಮೊದಲು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು ಶುರು ಮಾಡುತ್ತಾರೆ. ಚಿಕ್ಕದೇ ಇರುತ್ತದೆ: ಎಲ್ಲೋ ಕಾರ್ಡಿನಲ್ಲಿ ಅಪ್ಪನ ಹೆಸರು ಬಿಟ್ಟಿದ್ದು, ಯಾರದೋ ಮಗುವಿಗೆ ಮೈಕು ಕೊಡದಿದ್ದು. ಉತ್ತರ ಕೊಡಬೇಡಿ, "ಅದು ಹಾಗಲ್ಲ" ಅನ್ನಬೇಡಿ. ಕೇಳಿಸಿಕೊಳ್ಳಿ, ಕೈಮುಗಿಯಿರಿ. ಹೀಗೆ ಎಲ್ಲರೆದುರು ಬಂದ ಮಾತು ಆಮೇಲೆ ಟೀ ಅಂಗಡಿಗೆ ಹೋಗುವುದಿಲ್ಲ.

ಆಮೇಲೆ ಬೀಗದ ಕೈ, ಸೀಲು, ಪುಸ್ತಕಗಳು, ಹೆಜ್ಜೆ ಎರಡರ ಆ ನೋಟ್‌ಬುಕ್ಕು ಪಟ್ಟಿ ಓದಿ ಒಪ್ಪಿಸಿ, ಸಹಿ ಮಾಡಿಸಿಕೊಳ್ಳಿ. ಪಾಯಸ ತಿಂದು ಮನೆಗೆ ಹೋಗಿ.

ಹೆಜ್ಜೆ 9: ಬಿಟ್ಟ ಮೇಲೆ

ಮೊದಲ ಎರಡು ಹುಣ್ಣಿಮೆಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ. ಮನೆಯಲ್ಲೇ ವಂದನೆ ಮಾಡಿ. ನೀವಿದ್ದರೆ ಹೊಸಬರು ಸರಾಗವಾಗಿ ಉಸಿರಾಡುವುದಿಲ್ಲ. ಆಮೇಲೆ ಹೋಗಿ, ಕಂಬದ ಹಿಂದೆ ಕೂತುಕೊಳ್ಳಿ. ಮುಂದೆ ಕರೆದೇ ಕರೆಯುತ್ತಾರೆ. "ಇಲ್ಲೇ ಗಾಳಿ ಚೆನ್ನಾಗಿದೆ" ಅನ್ನಿ.

ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಕೆಲಸ ಬಿಡಿ. ಫೋನಿಗೆ ಒಂದೇ ಉತ್ತರ ಇಟ್ಟುಕೊಳ್ಳಿ: "ಅದು ಕಾರ್ಯದರ್ಶಿಗಳಿಗೆ ಗೊತ್ತಿರುತ್ತೆ, ಅವರಿಗೆ ಮಾಡಿ." ನಿಮಗೆ ಗೊತ್ತಿದ್ದರೂ, ಒಂದೇ ಮಾತಿನಲ್ಲಿ ಮುಗಿಯುವ ವಿಷಯವಾದರೂ ಇದನ್ನೇ ಹೇಳಿ. ಸೈಕಲ್ ಕಲಿಯುವ ಮಗುವಿನ ಸೀಟು ಹಿಡಿದು ಹಿಂದೆ ಓಡುವವರ ಹಾಗೆ ಎಷ್ಟು ದಿನ ಓಡುತ್ತೀರಿ? ಆರು ತಿಂಗಳಲ್ಲಿ ಫೋನುಗಳು ಕಡಿಮೆಯಾಗುತ್ತವೆ. ಆಗ ಸ್ವಲ್ಪ ಬೇಜಾರಾಗುತ್ತದೆ, ಅದೂ ಸಹಜ. ಸಂಜೆ ಹೊತ್ತು ತುಂಬಲು ಬೇರೆ ಏನಾದರೂ ಹಿಡಿದುಕೊಳ್ಳಿ. ಧ್ಯಾನಕ್ಕೆ ಕೂರುತ್ತೇನೆ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳುತ್ತಿದ್ದಿರಿ, ಈಗ ಪುರುಸೊತ್ತಿದೆ.

ಹೊಸಬರು ನಿಮಗಿಂತ ಬೇರೆ ಥರ ಮಾಡುತ್ತಾರೆ. ಗೋಡೆಗೆ ನಿಮಗಾಗದ ಬಣ್ಣ ಹೊಡೆಸುತ್ತಾರೆ. ಬುದ್ಧ ಪೂರ್ಣಿಮೆಗೆ ಡಿಜೆ ಕೇಳುತ್ತಾರೆ. ಯಾರಾದರೂ ಬಂದು "ನೋಡಿ ಸಾರ್, ಏನು ಮಾಡ್ತಿದ್ದಾರೆ" ಅಂದರೆ, ಅವರಿಗೆ ಟೀ ಕೊಟ್ಟು ಅಡಿಕೆ ರೇಟಿನ ಬಗ್ಗೆ ಮಾತಾಡಿ. ಇಂಥವರ ಜೊತೆ ಅರ್ಧ ಗಂಟೆ ತಲೆಯಾಡಿಸಿದರೆ ಊರಲ್ಲಿ ನಿಮ್ಮದೊಂದು ಬಣ ಹುಟ್ಟಿಬಿಡುತ್ತದೆ.

ಬಾಯಿ ಬಿಡಲೇಬೇಕಾದ ಸಂದರ್ಭಗಳೂ ಇವೆ: ಸಂಘದ ಹಣ ಕಾಣೆಯಾಗುತ್ತಿದ್ದರೆ, ಜಾಗ ಮಾರುವ ಮಾತು ಬಂದರೆ, ಹೆಂಗಸರಿಗೆ, ಮಕ್ಕಳಿಗೆ ತೊಂದರೆಯಾಗುತ್ತಿದ್ದರೆ. ಆಗಲೂ ಮಹಾಸಭೆಯಲ್ಲಿ ಒಬ್ಬ ಸದಸ್ಯನಾಗಿ, ಲಿಖಿತವಾಗಿ ಕೇಳಿ. ಕೊನೆಯದಕ್ಕೆ ಮಾತ್ರ ಸಭೆಗೂ ಕಾಯಬೇಡಿ. ನೇರ ಪೊಲೀಸರಿಗೆ ಹೋಗಿ, ಮಗುವಾದರೆ 1098ಕ್ಕೆ ಫೋನು ಮಾಡಿ.

ಯಾರೂ ಮುಂದೆ ಬಾರದಿದ್ದರೆ

ಹೀಗೂ ಆಗುತ್ತದೆ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ಉಳಿದವರು ಅರವತ್ತು ದಾಟಿದವರು. ಆಗ ವಿಹಾರವನ್ನು ಸಣ್ಣದು ಮಾಡಿ. ವರ್ಷದ ಕಾರ್ಯಕ್ರಮಗಳಲ್ಲಿ ಎರಡು ಮೂರು ಉಳಿಸಿಕೊಂಡು ಮಿಕ್ಕದ್ದು ಬಿಡಿ. ಹುಣ್ಣಿಮೆ ಸಭೆ ಒಂದನ್ನು ಮಾತ್ರ ಬಿಡಬೇಡಿ, ಐದೇ ಜನ ಆದರೂ. ಏಪ್ರಿಲ್ 14, ಅಕ್ಟೋಬರ್ 14ರ (ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದ ದಿನ) ಕಾರ್ಯಕ್ರಮಗಳನ್ನು ಹತ್ತಿರದ ಊರಿನ ವಿಹಾರದ ಜೊತೆ ಸೇರಿ ಮಾಡಿ. ಬೆಂಗಳೂರಿಗೆ ಹೋದ ಹುಡುಗರಲ್ಲಿ ಒಬ್ಬರು ಆನ್‌ಲೈನಿನಲ್ಲೇ ಲೆಕ್ಕ ನೋಡಬಹುದು, ಬ್ಯಾಂಕು, ಟ್ಯಾಕ್ಸ್ ಕೆಲಸಕ್ಕೆ ಊರಲ್ಲೇ ಇರಬೇಕು ಅಂತೇನೂ ಇಲ್ಲ.

ಅದೂ ಆಗದಿದ್ದರೆ ಇದೇ ಉದ್ದೇಶದ ಇನ್ನೊಂದು ನೋಂದಾಯಿತ ಬೌದ್ಧ ಸಂಘಕ್ಕೆ ವಿಹಾರವನ್ನು ಒಪ್ಪಿಸಬಹುದು. ಸಂಘ ವಿಸರ್ಜನೆ ಆದರೂ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಇದಕ್ಕೆ ಮಹಾಸಭೆಯ ನಿರ್ಣಯ, ವಕೀಲರ ಸಲಹೆ ಎರಡೂ ಬೇಕು. ಒಪ್ಪಿಸುವ ಪತ್ರದಲ್ಲಿ ಎರ‍ಡು ಷರತ್ತು ಬರೆಸಿ: ಹುಣ್ಣಿಮೆ ವಂದನೆ ಅದೇ ಜಾಗದಲ್ಲಿ ಮುಂದುವರಿಯಬೇಕು, ಮತ್ತು ಊರಿನವರಲ್ಲಿ ಇಬ್ಬರಾದರೂ ಅಲ್ಲಿನ ಸಮಿತಿಯಲ್ಲಿರಬೇಕು. ಆ ಇಬ್ಬರಲ್ಲಿ ನೀವು ಒಬ್ಬರಾಗಬೇಡಿ.